ಮನೆಗೆ ಒಂದೇ ಮೊಬೈಲು

ನಾನು ಹುಡುಗನಾಗಿದ್ದ ಕಾಲಕ್ಕೆ ಗೌನಿಪಲ್ಲಿಯಲ್ಲಿ ಯಾರ ಮನೆಗಾದರೂ ಕಾಗದ ಬಂದರೆ ಅದನ್ನು ಓದಿ ಹೇಳುವವರು ಬೇರೆ ಇರುತ್ತಿದ್ದರು. ಒಂದೋ ಅಂಚೆಯವರು, ಇಲ್ಲವೆ ಶಾಲೆಯ ಮೇಷ್ಟರು. ಜಗುಲಿಯ ಮೇಲೆ ಕುಳಿತು ಕನ್ನಡದ ಕಾಗದವನ್ನು ಓದಿ ಮನೆಯವರಿಗೆ ತೆಲುಗಿನಲ್ಲಿ ಅರ್ಥ ಹೇಳುತ್ತಿದ್ದರು. ಆಂಧ್ರದ ಗಡಿಗೆ ಸಮೀಪವಾದ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಎಂಬುದು ಇಂದಿಗೂ ಅನೇಕ ಸಂಸಾರಗಳ ಸ್ಥಿತಿ. ಕಾಗದ ಓದುವವರಿಗೆ ಆ ಮನೆಯ ಸಾಲ, ಸಂಬಂಧ, ಮುನಿಸು ಎಲ್ಲವೂ ತಿಳಿಯುತ್ತಿತ್ತು; ತಿಳಿದದ್ದು ಅವರಲ್ಲಿಯೇ ಉಳಿಯುತ್ತಿತ್ತು.

ಈಗ ಈ ಓದಿ ಹೇಳುವ ಕೆಲಸ ಎಂಟನೆಯ ತರಗತಿಯ ಮಗುವಿನ ಪಾಲಿಗೆ ಬಂದಿದೆ. ಮೊಬೈಲಿಗೆ ಬರುವ ಸಂದೇಶಗಳು ಬಹುಮಟ್ಟಿಗೆ ಇಂಗ್ಲಿಷಿನವು. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕು ಎಚ್ಚರಿಸುವುದೂ ಹೆಚ್ಚಾಗಿ ಆ ಭಾಷೆಯಲ್ಲಿಯೇ. ಮೋಸಗಾರನಾದರೋ ಹಿತವಾದ ಕನ್ನಡದಲ್ಲಿ, ಬೇಕೆಂದರೆ ತೆಲುಗಿನಲ್ಲಿಯೂ ಮಾತನಾಡುತ್ತಾನೆ. ನಮ್ಮಂಥ ಕನ್ನಡದ ಮೇಷ್ಟರುಗಳು ‘ಜಂಗಮವಾಣಿ’, ‘ಅಂತರ್ಜಾಲ’ ಎಂದು ಪದ ಕೂಡಿಸುವುದರಲ್ಲಿ ಕಳೆದ ಹೊತ್ತಿನಲ್ಲಿ ಅರ್ಧವನ್ನಾದರೂ ಈ ಎಚ್ಚರಿಕೆಯ ಸಾಲುಗಳನ್ನು ತಿಳಿಗನ್ನಡಕ್ಕೆ ತರುವುದರಲ್ಲಿ ಕಳೆಯಬಹುದಾಗಿತ್ತು.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲು ಪಾಠದ ಸಾಧನವಾಗಿ ಮನೆಗಳನ್ನು ಹೊಕ್ಕಿತು. ಶಾಲೆ ತೆರೆದ ಮೇಲೂ ಅದು ಮಕ್ಕಳ ಕೈಯಿಂದ ಇಳಿಯಲಿಲ್ಲ. ಮನೆಗೆಲಸದ ಪಾಠ ಬರುವುದು ಈಗಲೂ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ. ನಮ್ಮ ಕಡೆ ಜೂನ್ ತಿಂಗಳೆಂದರೆ ಶಾಲೆ ಆರಂಭವಾಗುವ ಕಾಲ, ಮಾವಿನ ಕಾಯಿ ಮಂಡಿಗೆ ಹೋಗುವ ಕಾಲವೂ ಹೌದು. ತೋತಾಪುರಿಯ ಹಣ, ಡೇರಿಯ ಹಾಲಿನ ಬಟವಾಡೆ, ಅಜ್ಜಿಯ ಗೃಹಲಕ್ಷ್ಮಿಯ ಎರಡು ಸಾವಿರ, ಇವೆಲ್ಲ ಬಂದವೆಂಬ ಸಂದೇಶ ಸೇರುವುದು ಅದೇ ಮೊಬೈಲಿಗೆ. ಹಣದ ಪೆಟ್ಟಿಗೆಯನ್ನೂ ಪುಸ್ತಕದ ಚೀಲವನ್ನೂ ಆಟದ ಬಯಲನ್ನೂ ಒಂದೇ ಮಾಡಿ ಮಗುವಿನ ಕೈಗೆ ಕೊಟ್ಟಿದ್ದೇವೆ.

ಎರಡು ವರ್ಷದ ಹಿಂದೆ ಇಂಥದೇ ಒಂದು ಜೂನ್ ಸಂಜೆ ನನ್ನ ತಂಗಿಯ ಮೊಮ್ಮಗನಿಗೆ ಒಂದು ಕರೆ ಬಂದಿತು. ಮಂಡಿಯಿಂದ ಬಂದ ತಂದೆ ಮೊಬೈಲನ್ನು ಅವನಿಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದರು. ಕರೆ ಮಾಡಿದಾತ ಹುಡುಗನ ಹೆಸರನ್ನೂ ತರಗತಿಯನ್ನೂ ತಾನೇ ಹೇಳಿ, ‘ನಿನಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ನಾನು ಕಳಿಸುವ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತು, ಹಣ ಬರುತ್ತದೆ’ ಎಂದ. ಅಂಗಡಿಯಲ್ಲಿ ಅಪ್ಪನ ಪರವಾಗಿ ದಿನವೂ ಒತ್ತುತ್ತಿದ್ದ ಪಿನ್ ಹುಡುಗನಿಗೆ ಬಾಯಿಪಾಠ. ಹದಿನೆಂಟು ಸಾವಿರ ರೂಪಾಯಿ ಹೋಯಿತು. ಹುಡುಗ ಬ್ಯಾಂಕಿನ ಸಂದೇಶವನ್ನು ಅಳಿಸಿ ಸುಮ್ಮನಾದ. ಮೂರನೆಯ ದಿನ ಕೂಲಿಯವರಿಗೆ ಹಣ ಕಳಿಸಲು ಹೋದಾಗ ತಂದೆಗೆ ತಿಳಿಯಿತು.

‘ಅಂದೇ ಯಾಕಪ್ಪ ಹೇಳಲಿಲ್ಲ?’ ಎಂದು ನಾನು ಕೇಳಿದೆ.

‘ಅಪ್ಪ ಹೊಡೀತಾರೆ ಅಂತ, ತಾತ.’

ನನ್ನ ಎಣಿಕೆಯಲ್ಲಿ ಹಣ ಹೋದದ್ದು ಪಿನ್ನಿನಿಂದಲ್ಲ, ಈ ಮೂರು ದಿನದಿಂದ. ಏಕೆಂದರೆ ಕಳೆದ ಹಣವನ್ನು ತಡೆಯಲು ಒಂದು ಏರ್ಪಾಡು ಇದೆ. 1930 ಎಂಬ ಸಂಖ್ಯೆಗೆ ಕರೆ ಮಾಡಿ ಖಾತೆಯ ವಿವರ, ಹೋದ ಮೊತ್ತ, ವ್ಯವಹಾರದ ಸಂಖ್ಯೆ ಕೊಟ್ಟರೆ ಆ ಸುದ್ದಿ ಹಣ ಸೇರಿದ ಬ್ಯಾಂಕಿಗೆ ಮುಟ್ಟುತ್ತದೆ. ಹಣ ಅಲ್ಲಿಯೇ ಇದ್ದರೆ ಅಷ್ಟನ್ನೂ ಕದಲದಂತೆ ಹಿಡಿದಿಡುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ಸುದ್ದಿಯೂ ಅದರ ಬೆನ್ನು ಹತ್ತುತ್ತದೆ. ಮೋಸಗಾರರು ಹಣವನ್ನು ಖಾತೆಯಿಂದ ಖಾತೆಗೆ ಬೇಗಬೇಗನೆ ದಾಟಿಸಿ ಕೊನೆಗೆ ನಗದು ಮಾಡಿಕೊಳ್ಳುವುದರಿಂದ ಮೊದಲ ಗಂಟೆಯ ಬೆಲೆ ಬಹಳ. ಮಗು ಕದ ಹಾಕಿಕೊಂಡು ಅಳುತ್ತ ಕೂರುವುದು ಆ ಗಂಟೆಯಲ್ಲಿಯೇ.

ಹುಡುಗನ ತಂದೆಯೂ ನಾನೂ ಆಮೇಲೆ ಕುಳಿತು ಕೆಲವು ಏರ್ಪಾಡು ಮಾಡಿದೆವು. ಮಾವಿನ ಹಣ ಬೀಳುವ ಖಾತೆಯನ್ನು ಮೊಬೈಲಿನ ಪಾವತಿಯಿಂದ ಬಿಡಿಸಿದೆವು. ದಿನದ ಖರ್ಚಿನಷ್ಟು ಹಣ ಮಾತ್ರ ಇರುವ ಇನ್ನೊಂದು ಖಾತೆಗೆ ಅದನ್ನು ಜೋಡಿಸಿದೆವು. ಹಣ ಪಡೆಯುವುದಕ್ಕೆ ಪಿನ್ ಎಂದೂ ಬೇಡ ಎಂಬುದನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳಿಕೊಟ್ಟದ್ದು ಹುಡುಗನೇ. ವಿದ್ಯಾರ್ಥಿವೇತನ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಅದಕ್ಕಾಗಿ ಯಾರೂ ಚಿತ್ರ ಕಳಿಸಬೇಕಾಗಿಲ್ಲ. ವಾಟ್ಸ್ಆ್ಯಪಿನಲ್ಲಿ ಮದುವೆಯ ಕರೆಯೋಲೆಯೆಂದೋ ದಂಡದ ಚೀಟಿಯೆಂದೋ ಬರುವ ಕಡತದ ಹೆಸರು ‘ಎಪಿಕೆ’ ಎಂದು ಮುಗಿದರೆ ಅದನ್ನು ತೆರೆಯಬಾರದು. ಅದು ಓಲೆಯಲ್ಲ, ಮೊಬೈಲಿನೊಳಗೆ ಬೀಡುಬಿಟ್ಟು ಓಟಿಪಿಯನ್ನು ಕದ್ದು ಓದಬಲ್ಲ ಯಂತ್ರ.

ಇಷ್ಟಾದರೂ ಹಣದ ಮಾತು ಸುಲಭದ್ದು. ಹೆಣ್ಣುಮಗಳೊಬ್ಬಳ ಚಿತ್ರವನ್ನು ತಿರುಚಿ, ಅಥವಾ ಗೆಳೆತನದ ಸೋಗಿನಲ್ಲಿ ಅವಳಿಂದಲೇ ಪಡೆದು, ಊರಿಗೆಲ್ಲ ಕಳಿಸುತ್ತೇನೆಂದು ಹೆದರಿಸುವವನಿದ್ದಾನೆ. ಗಂಡುಮಕ್ಕಳಿಗೂ ಈ ಕಾಟ ತಪ್ಪಿದ್ದಲ್ಲ. ಅವನ ಬಂಡವಾಳವೆಲ್ಲ ಒಂದೇ: ‘ಮನೆಯಲ್ಲಿ ತಿಳಿದರೆ ಓದು ಬಿಡಿಸುತ್ತಾರೆ’ ಎಂಬ ಮಗುವಿನ ಭಯ. ಕಾನೂನು ಇಲ್ಲಿ ಮಗುವಿನ ಕಡೆಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮು, 2012ರ ಪೋಕ್ಸೊ ಕಾಯಿದೆ, ಎರಡೂ ಇಂಥವನನ್ನು ಶಿಕ್ಷಿಸುವುದಕ್ಕಾಗಿಯೇ ಇರುವುವು. ಸೈಬರ್ ಅಪರಾಧದ ರಾಷ್ಟ್ರೀಯ ಜಾಲತಾಣದಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧವನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಮಗು ತಾನಾಗಿಯೇ 1098ಕ್ಕೆ ಕರೆ ಮಾಡಬಹುದು. ಬೆದರಿಕೆಯ ಸಂದೇಶಗಳನ್ನು ಮಾತ್ರ ಅಳಿಸಬಾರದು, ಅವೇ ಸಾಕ್ಷಿ. ಹುಡುಗಿಯ ಕೈಯಿಂದ ಮೊಬೈಲು ಕಿತ್ತುಕೊಂಡು ಶಾಲೆ ಬಿಡಿಸಿದ ತಂದೆತಾಯಿಗಳನ್ನು ನಾನು ಬಲ್ಲೆ. ಅವರಿಗೆ ಹೇಳುವ ಮಾತು ನನ್ನಲ್ಲಿ ಬಹಳ ಇತ್ತು, ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಕಳೆದ ಚಳಿಗಾಲದಲ್ಲಿ ನನಗೇ ಒಂದು ಕರೆ ಬಂದಿತು. ಪರದೆಯ ಮೇಲೆ ಸಮವಸ್ತ್ರದವನೊಬ್ಬ, ಹಿಂದೆ ರಾಷ್ಟ್ರಲಾಂಛನ. ನನ್ನ ಹೆಸರಿನಲ್ಲಿ ಅಕ್ರಮ ಹಣ ಸಾಗಿದೆಯೆಂದೂ ನಾನು ‘ಡಿಜಿಟಲ್ ಅರೆಸ್ಟ್’ ಆಗಿರುವೆನೆಂದೂ ಕದಲಕೂಡದೆಂದೂ ಗದರಿಸಿದ. ಅಂಥ ಬಂಧನ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರಿನ ರೇಡಿಯೊ ಭಾಷಣದಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ. ಆದರೂ ಕೈ ನಡುಗಿತು, ಮಾತು ಹೊರಡಲಿಲ್ಲ. ಮಗ್ಗುಲಲ್ಲಿ ಓದುತ್ತಿದ್ದ ಅದೇ ಹುಡುಗ ಎದ್ದು ಬಂದು, ‘ಇಟ್ಟುಬಿಡಿ ತಾತ, ಪೊಲೀಸಿನವರು ಫೋನಿನಲ್ಲಿ ಹಿಡಿಯೋದಿಲ್ಲ’ ಎಂದು ಕರೆಯನ್ನು ತಾನೇ ಕತ್ತರಿಸಿದ. ಹಣ ಹೋಗದಿದ್ದರೂ ಇಂಥ ಕರೆಯ ಮಾಹಿತಿ ಕೊಡಲು ‘ಸಂಚಾರ್ ಸಾಥಿ’ ತಾಣದಲ್ಲಿ ‘ಚಕ್ಷು’ ಎಂಬ ಭಾಗವಿದೆಯಂತೆ; ಅದನ್ನು ತೆರೆದ. ನನ್ನ ಕನ್ನಡಕ ಒಳಗೆಲ್ಲಿಯೋ ಇತ್ತು. ಅವನೇ ಬರೆದು, ಬರೆದದ್ದನ್ನು ನನಗೆ ಓದಿ ಹೇಳಿದ.