ಪೆಟ್ಟಿಗೆಯೊಳಗಿನ ಬೇಟೆಗತ್ತಿ

ಕೊಡಗು, ಮಲೆನಾಡುಗಳಿಂದ ಉದ್ಯೋಗಕ್ಕಾಗಿ ಈ ಮುಂಬಯಿಗೆ ಬಂದು ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿ ಹಳೆಯ ಕತ್ತಿಯೊಂದು ಇರುವುದುಂಟು. ಅಜ್ಜನದೋ ಮುತ್ತಜ್ಜನದೋ ಆದ ಆ ಕತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಬಿದ್ದಿರುತ್ತದೆ. ಆಯುಧಪೂಜೆಯ ದಿನ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮರುದಿನ ಮತ್ತೆ ಒಳಗೆ ಹೋಗುತ್ತದೆ. ಹೀಗೆ ಹತ್ತಾರು ವರ್ಷ ಕಳೆದ ಮೇಲೆ ಒಂದು ದಿನ ಮನೆಯವರು ಅದರ ತುಕ್ಕನ್ನು ಕಂಡು, ಬೀದಿಯಲ್ಲಿ ಸಾಣೆಚಕ್ರ ತಿರುಗಿಸುವವನ ಕೈಗೆ ಕೊಡುತ್ತಾರೆ, ಇಲ್ಲವೆ ಗುಜರಿಯವನಿಗೆ ತೂಕಕ್ಕೆ ಹಾಕುತ್ತಾರೆ. ಎರಡರಲ್ಲಿಯೂ ಕತ್ತಿ ಹೋದಂತೆಯೇ ಸರಿ. ಅದು ಏಕೆ ಎಂಬುದನ್ನೂ, ಅಂತಹ ಕತ್ತಿಯನ್ನು ಉಳಿಸಿಕೊಳ್ಳುವ ಬಗೆಯನ್ನೂ ಇಲ್ಲಿ ವಿವರಿಸುತ್ತೇವೆ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಕಮ್ಮಾರರಲ್ಲ. ಆದರೆ ಕಬ್ಬಿಣದ ಕೆಲಸ ಬಲ್ಲವರನ್ನು ಕೇಳಿ ತಿಳಿದ ಈ ಸಂಗತಿಗಳು ವಾಚಕರಿಗೆ ಉಪಯೋಗವಾದಾವೆಂದು ನಂಬಿದ್ದೇವೆ.

ಬೇಟೆಗತ್ತಿ ಎಂದರೆ ಮಡಚದ ಕತ್ತಿ. ಜೇಬಿನ ಚಾಕುವಿಗೆ ಅಲಗು ಮತ್ತು ಹಿಡಿ ಸೇರುವಲ್ಲಿ ಕೀಲು ಇರುತ್ತದೆ. ಬಲ ಬಿದ್ದರೆ ಸಡಿಲುವುದು ಅಲ್ಲಿಯೇ. ಬೇಟೆಗತ್ತಿಯಲ್ಲಿ ಆ ಕೀಲು ಇಲ್ಲ. ಅಲಗಿನ ಉಕ್ಕೇ ಬಾಲದಂತೆ ಹಿಂದಕ್ಕೆ ಹೋಗಿ ಹಿಡಿಯೊಳಗೆ ಸೇರಿರುತ್ತದೆ. ಆ ಬಾಲ ಹಿಡಿಯ ಕೊನೆಯ ವರೆಗೂ ಹೋಗಿ, ಎರಡು ಮೂರು ರಿವೆಟ್ಟುಗಳಿಂದ ಬಿಗಿಯಾಗಿದ್ದರೆ ಕತ್ತಿ ಗಟ್ಟಿ. ಅರ್ಧಕ್ಕೇ ನಿಂತಿದ್ದರೆ ಭಾರದ ಏಟಿಗೆ ಅದು ಹಿಡಿಯಿಂದ ಕಿತ್ತು ಹಾರಬಹುದು. ಹಳೆಯ ಕತ್ತಿಯನ್ನು ಕೈಗೆತ್ತಿಕೊಂಡಾಗ ಮೊದಲು ಪರೀಕ್ಷಿಸಬೇಕಾದುದು ಈ ಜಾಗವನ್ನು.

ನಮ್ಮ ನಾಡಿನಲ್ಲಿ ಇಂತಹ ಕತ್ತಿಗಳಿಗೆ ಹೆಸರಾದುದು ಕೊಡಗು. ಅಲ್ಲಿಯ ಪೀಚೆಕತ್ತಿ ಚಿಕ್ಕದು. ಬೆಳ್ಳಿಯ ಕೆಲಸದ ಒರೆಯಲ್ಲಿರುತ್ತದೆ. ಕುಪ್ಯ ತೊಟ್ಟವರು ಸೊಂಟದ ಕೆಂಪು ಚೇಲೆಗೆ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಒಡಿಕತ್ತಿಯಾದರೋ ದೊಡ್ಡದು, ಭಾರವಾದುದು. ಅದರ ಅಲಗು ಮುಂದಕ್ಕೆ ಬಾಗಿ ಅಗಲವಾಗುತ್ತದೆ. ಬಾಯಿ ಇರುವುದು ಬಾಗಿನ ಒಳಮೈಗೆ. ಅದನ್ನು ಒರೆಯಿಲ್ಲದೆ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಸಿಕ್ಕಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಕಡಿಯುವ ಸಂಪ್ರದಾಯ ಈ ಒಡಿಕತ್ತಿಯಿಂದಲೇ ನಡೆಯುತ್ತದೆ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನೂ ಕತ್ತಿಗಳನ್ನೂ ಒಟ್ಟಿಗೆ ಇಟ್ಟು, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಹಿಂದೆ ಆ ಹಬ್ಬದ ಬೆನ್ನಿಗೆ ಬೇಟೆಗೆ ಹೊರಡುತ್ತಿದ್ದರು. ಈಗ ಬೇಟೆಯಿಲ್ಲ, ಪೂಜೆ ಉಳಿದಿದೆ.

ಇನ್ನು ಕತ್ತಿಯ ಒಳಗುಟ್ಟಿಗೆ ಬರೋಣ. ಕಬ್ಬಿಣದಲ್ಲಿ ಇಂಗಾಲ ಸ್ವಲ್ಪ ಬೆರೆತರೆ ಅದು ಉಕ್ಕು. ನೂರಕ್ಕೆ ಕಾಲು ಭಾಗಕ್ಕಿಂತ ಕಡಿಮೆ ಇಂಗಾಲವಿರುವ ಮೆದು ಉಕ್ಕನ್ನು ಎಷ್ಟು ಕಾಸಿ ಅದ್ದಿದರೂ ಅದಕ್ಕೆ ಕತ್ತಿಗೆ ಬೇಕಾದ ಗಡಸು ಬಾರದು. ಅರ್ಧ ಭಾಗ ದಾಟಿದರೆ ಅದು ಕತ್ತಿಗೆ ಒದಗುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿ ಅಂತಹದು. ಅದಕ್ಕಾಗಿಯೇ ಊರ ಕಮ್ಮಾರರು ಗುಜರಿಯಿಂದ ಆ ಪಟ್ಟಿಗಳನ್ನು ಆರಿಸಿ ತರುತ್ತಾರೆ. ಅದಕ್ಕೂ ಹಿಂದೆ ನಮ್ಮಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದರು. 1800-1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ನೋಡಿ ಬರೆದಿದ್ದಾನೆ. ಪಶ್ಚಿಮದವರು ಅಂತಹ ಉಕ್ಕಿಗೆ ಇಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಪಟ್ಟಿಯನ್ನು ಕುಲುಮೆಯಲ್ಲಿ ಕಿತ್ತಳೆಯ ಬಣ್ಣಕ್ಕೆ ಕಾಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಆಕಾರ ಕೊಡುವುದು ಮೊದಲ ಕೆಲಸ. ಆದರೆ ಕತ್ತಿಯ ಪ್ರಾಣ ಇರುವುದು ಆಕಾರದಲ್ಲಲ್ಲ, ಹದದಲ್ಲಿ. ಆಕಾರ ಬಂದ ಮೇಲೆ ಅಲಗನ್ನು ಮತ್ತೆ ಕಾಸಬೇಕು. ಸುಮಾರು 770 ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಸಿ ಒಮ್ಮೆಲೆ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಅಲಗು ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆಯೇ ಒಡೆಯಲೂ ಒಡೆಯುತ್ತದೆ. ಆದುದರಿಂದ ಅದನ್ನು ಹಿತವಾದ ಶಾಖದಲ್ಲಿ ಇನ್ನೊಮ್ಮೆ ಕಾಸಿ, ಗಡಸನ್ನು ಸ್ವಲ್ಪ ಇಳಿಸಿ, ತಾಳಿಕೆಯನ್ನು ತರುತ್ತಾರೆ. ಆಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ: 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, 250ರ ಮೇಲೆ ಕಂದು, 280ರ ಹತ್ತಿರ ನೇರಳೆ, 300ರ ಹತ್ತಿರ ನೀಲಿ. ಸೀಳುವ ಸಣ್ಣ ಕತ್ತಿಯನ್ನು ಹಳದಿ ಅಥವಾ ಕಂದಿನಲ್ಲಿ ನಿಲ್ಲಿಸುತ್ತಾರೆ. ಕಡಿಯುವ ದೊಡ್ಡ ಕತ್ತಿಗೆ ಏಟು ತಾಳುವ ಗುಣ ಬೇಕಾದುದರಿಂದ ನೇರಳೆಯ ಕಡೆಗೆ ಬಿಡುತ್ತಾರೆ. ಪಳಗಿದ ಕಮ್ಮಾರನು ಇಷ್ಟನ್ನೂ ಕಣ್ಣಿನಿಂದಲೇ ಅಳೆಯುತ್ತಾನೆ.

ಇದನ್ನು ತಿಳಿದರೆ ಚಕ್ರದ ಅಪಾಯ ತಾನಾಗಿ ಅರ್ಥವಾಗುತ್ತದೆ. ವೇಗವಾಗಿ ತಿರುಗುವ ಒಣ ಸಾಣೆಚಕ್ರಕ್ಕೆ ತೆಳುವಾದ ಬಾಯಿಯನ್ನು ಒತ್ತಿ ಹಿಡಿದಾಗ ಆ ಅಂಚು ಕ್ಷಣದಲ್ಲಿ 300 ಡಿಗ್ರಿ ದಾಟಬಹುದು. ಬಾಯಲ್ಲಿ ನೀಲಿ ಗೆರೆ ಮೂಡಿತೆಂದರೆ ಅಲ್ಲಿಯ ಹದ ಇಳಿಯಿತೆಂದೇ ಅರ್ಥ. ಕತ್ತಿ ಅಂದು ಹೊಳೆಯುತ್ತದೆ, ನಾಲ್ಕು ದಿನಕ್ಕೆ ಮೊಂಡಾಗುತ್ತದೆ. ಮತ್ತೆ ಚಕ್ರಕ್ಕೆ ಹಿಡಿದರೆ ಇನ್ನಷ್ಟು ಉಕ್ಕು ಸವೆಯುತ್ತದೆ. ಅಜ್ಜನ ಕಾಲದಿಂದ ಬಾಳಿದ ಅಲಗು ಹೀಗೆ ಕೆಲವೇ ವರ್ಷಗಳಲ್ಲಿ ಸಣಕಲು ಕಡ್ಡಿಯಾಗುವುದುಂಟು. ಇದರಲ್ಲಿ ಸಾಣೆಯವನ ತಪ್ಪೇನೂ ಇಲ್ಲ. ಅಡಿಗೆಮನೆಯ ಅಗ್ಗದ ಚಾಕುವಿಗೆ ಅವನ ಕೆಲಸ ಸಾಕು. ಕೈಯಲ್ಲಿ ಬಡಿದ ಕತ್ತಿಗೆ ಕೈಸಾಣೆಯೇ ಆಗಬೇಕು.

ಕೈಸಾಣೆ ಕಷ್ಟದ್ದಲ್ಲ. ಒಂದು ಮೈ ಒರಟು, ಒಂದು ಮೈ ನಯವಾಗಿರುವ ಸಾಣೆಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತದೆ. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಜಾರುವುದಿಲ್ಲ. ಕಲ್ಲಿಗೆ ನೀರು ಹನಿಸಿ, ಕತ್ತಿಯ ಬಾಯನ್ನು ಕಲ್ಲಿಗೆ ತಾಗಿಸಿ, ಬೆನ್ನನ್ನು ಮೇಲೆತ್ತಬೇಕು. ಎಷ್ಟು ಎತ್ತಬೇಕೆಂಬುದಕ್ಕೆ ಸುಲಭವಾದ ಲೆಕ್ಕವಿದೆ: ಅಲಗಿನ ಅಗಲದ ಮೂರನೆಯ ಒಂದು ಭಾಗದಷ್ಟು ಎತ್ತಿದರೆ ಸುಮಾರು 20 ಡಿಗ್ರಿಯ ಕೋನ ಬರುತ್ತದೆ, ಸಣ್ಣ ಕತ್ತಿಗೆ ಅದು ಸರಿ. ಅಗಲದ ಅರ್ಧದಷ್ಟು ಎತ್ತಿದರೆ 30 ಡಿಗ್ರಿ. ಕಡಿಯುವ ಕತ್ತಿಗೆ ಅದು ಸರಿ. ಕಲ್ಲಿನಿಂದ ತೆಳುವಾದ ಪದರವೊಂದನ್ನು ಹೆರೆದು ತೆಗೆಯುವವರಂತೆ ಬಾಯಿ ಮುಂದಾಗಿ ತಳ್ಳಬೇಕು. ಅವಸರ ಬೇಡ, ಒತ್ತಡವೂ ಬೇಡ. ಒಂದು ಮಗ್ಗುಲನ್ನು ಸಾಕಷ್ಟು ಉಜ್ಜಿದ ಮೇಲೆ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಬೆರಳಿಗೆ ತೊಡಕುವಂತಹ ಸಣ್ಣ ತರಿ ಸಿಗುತ್ತದೆ. ಬೆರಳನ್ನು ಬಾಯಿಯ ಉದ್ದಕ್ಕೆ ಎಳೆಯದೆ, ಅಡ್ಡಕ್ಕೆ ಸವರಿ ನೋಡಬೇಕು. ತರಿ ಸಿಕ್ಕಿದ ಮೇಲೆ ಮಗ್ಗುಲು ಬದಲಿಸಿ ಅಷ್ಟೇ ಉಜ್ಜಿ, ನಯವಾದ ಮೈಯ ಮೇಲೆ ಮುಗಿಸಿ, ಹಳೆಯ ಚರ್ಮದ ಬೆಲ್ಟಿನ ಮೇಲೆ ಬಾಯಿ ಹಿಂದಾಗಿ ಹತ್ತು ಸಲ ಎಳೆದರೆ ಕೆಲಸ ಮುಗಿಯಿತು. ಒಡಿಕತ್ತಿಯ ಒಳಬಾಗಿದ ಬಾಯಿ ಚಪ್ಪಟೆ ಕಲ್ಲಿಗೆ ಕೂಡುವುದಿಲ್ಲ. ಅದಕ್ಕೆ ಕತ್ತಿಯನ್ನು ಅಲುಗದಂತೆ ಹಲಗೆಗೆ ಒತ್ತಿ ಹಿಡಿದು, ದುಂಡನೆಯ ಸಣ್ಣ ಕಲ್ಲನ್ನೇ ಬಾಯಿಯ ಮೇಲೆ ಆಡಿಸಬೇಕು.

ಈ ಉಕ್ಕಿಗೆ ದೊಡ್ಡ ವೈರಿ ನಮ್ಮ ಮುಂಬಯಿಯ ಮಳೆಗಾಲ. ಹಳೆಯ ಅಲಗಿನ ಮೇಲೆ ಕಾಣುವ ಬೂದು ಅಥವಾ ಕಪ್ಪು ಛಾಯೆಯಿಂದ ಕೇಡಿಲ್ಲ, ಅದನ್ನು ತೆಗೆಯಬಾರದು. ಕೆಂಪಾಗಿ ಕೈಗೆ ಹತ್ತುವುದೇ ತುಕ್ಕು. ಅದಕ್ಕೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬಹಳ ನಯವಾದ ಎಮರಿ ಕಾಗದದಿಂದ ಮೆಲ್ಲನೆ ಉಜ್ಜಬೇಕು. ಹಿತ್ತಾಳೆಯ ತೊಡಂಗನ್ನು ಹುಣಿಸೆಹಣ್ಣಿನಿಂದ ಬೆಳಗಬಹುದು, ಅಲಗಿಗೆ ಮಾತ್ರ ಹುಣಿಸೆಯನ್ನು ತಾಗಿಸಬಾರದು; ಹುಳಿ ಉಕ್ಕನ್ನು ತಿನ್ನುತ್ತದೆ. ಉಪಯೋಗಿಸಿದ ಕೂಡಲೇ ತೊಳೆದು, ಒರಸಿ, ಹೊಲಿಗೆಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿಡಬೇಕು. ಕೊಬ್ಬರಿಎಣ್ಣೆ ಹಚ್ಚಿ ವರ್ಷಗಟ್ಟಲೆ ಇಟ್ಟರೆ ಅದು ಜಿಗುಟಾಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಕತ್ತಿಯನ್ನು ಚರ್ಮದ ಒರೆಯೊಳಗೇ ಇಟ್ಟು ಪೆಟ್ಟಿಗೆ ಮುಚ್ಚಬಾರದು. ಚರ್ಮ ತೇವವನ್ನು ಹಿಡಿದುಕೊಳ್ಳುತ್ತದೆ. ಒರೆ ಬೇರೆ, ಕತ್ತಿ ಬೇರೆ ಇರಲಿ. ಎಣ್ಣೆ ಸವರಿದ ಅಲಗನ್ನು ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಬೇಕು.

ಬಳಸುವಾಗಿನ ನಿಯಮಗಳು ಹಿರಿಯರು ಹೇಳಿದವೇ. ಕತ್ತಿ ಸದಾ ಮೈಯಿಂದ ಆಚೆಗೆ ಹೋಗಬೇಕು. ಕತ್ತಿಯನ್ನು ಕೈಯಿಂದ ಕೈಗೆ ಕೊಡದೆ, ಕೆಳಗಿಟ್ಟ ಮೇಲೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ಸೀಳುವ ಕತ್ತಿಯಿಂದ ಎಲುಬು ಕಡಿಯುವುದು, ತಗಡಿನ ಡಬ್ಬಿ ತೆರೆಯುವುದು ಸಲ್ಲದು. ಮಕ್ಕಳಿರುವ ಮನೆಯಲ್ಲಿ ಬೀಗವಿರುವ ಪೆಟ್ಟಿಗೆಯೇ ಬೇಕು.

ಕೊನೆಗೆ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿಯಿಂದ ಲೈಸೆನ್ಸಿನ ಬೇಟೆಯೂ ನಿಂತಿತು. ಹಳೆಯ ಕತ್ತಿಯ ಹಿಡಿ ಆನೆಯ ದಂತದ್ದೋ ಜಿಂಕೆ, ಕಡವೆಗಳ ಕೊಂಬಿನದೋ ಆಗಿದ್ದರೆ ಅದನ್ನು ಮಾರುವುದು ಅಪರಾಧ. ಇಟ್ಟುಕೊಳ್ಳುವುದಕ್ಕೂ ಒಡೆತನದ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಎಮ್ಮೆಯ ಕೊಂಬಿನ ಅಥವಾ ಮರದ ಹಿಡಿಗೆ ಈ ತೊಡಕಿಲ್ಲ. ಆಯುಧಗಳ ನಿಯಮದಲ್ಲಿ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧವೆಂದು ಎಣಿಸುತ್ತಾರೆ. ಮನೆಗೆಲಸ, ಬೇಸಾಯಗಳಿಗೆಂದು ಮಾಡಿದವು ಅದರಿಂದ ಹೊರಗೆ. ಒಡಿಕತ್ತಿ ಈ ಅಳತೆಯನ್ನು ಮೀರುವುದುಂಟು. ಸರ್ಕಾರವು ಪ್ರಕಟಣೆ ಹೊರಡಿಸಿದ ಪ್ರದೇಶಗಳಲ್ಲಿ ಅಂತಹವಕ್ಕೆ ಲೈಸೆನ್ಸ್ ಬೇಕು. ಅಲ್ಲದೆ ನಗರಗಳಲ್ಲಿ ಪೊಲೀಸರು ಆಗಾಗ ಪ್ರತಿಬಂಧಕ ಆಜ್ಞೆ ಹೊರಡಿಸುತ್ತಾರೆ. ಆಗ ಬೀದಿಯಲ್ಲಿ ಕತ್ತಿ ಹಿಡಿದು ನಡೆದರೆ ಅಳತೆ ಚಿಕ್ಕದೆಂಬ ಸಬೂಬು ನಡೆಯದು. ಊರಿನಿಂದ ದೊಡ್ಡ ಕತ್ತಿ ತರುವ ಮುನ್ನ ಪೊಲೀಸ್ ಠಾಣೆಯಲ್ಲಿಯೋ ವಕೀಲರಲ್ಲಿಯೋ ಕೇಳಿಕೊಳ್ಳಿರಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಕತ್ತಿಯನ್ನು ಇಟ್ಟುಕೊಳ್ಳಲೇಬಾರದು.

ಇನ್ನೊಂದು ವಿನಂತಿ ಉಂಟು. ಈ ಕತ್ತಿಗಳ ಮೇಲೆ ಮಾಡಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಯಾರು ಬಡಿದರು, ಯಾವ ಊರಿನ ಕುಲುಮೆ, ಮನೆಗೆ ಯಾರ ಕಾಲದಲ್ಲಿ ಬಂದಿತು ಎಂಬುದನ್ನು ಬಲ್ಲವರು ಮನೆಯ ಹಿರಿಯರೊಬ್ಬರೇ. ಅವರು ಇರುವಾಗಲೇ ಕೇಳಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಕತ್ತಿಯೊಂದಿಗೆ ಪೆಟ್ಟಿಗೆಯಲ್ಲಿಡಿ. ಚೀಟಿಗೆ ಎಣ್ಣೆ ತಾಗದಂತೆ ಬೇರೆ ಕಾಗದದಲ್ಲಿ ಮಡಚಿಡುವುದನ್ನು ಮರೆಯಬೇಡಿ.