ಓವರ್‌ಟೈಮ್ ಹಣ ಬಾಕಿ: ಸರ್ಕಾರಿ ಅಧಿಕಾರಿಯ ಜೇಬಿನಿಂದ ವಸೂಲಿ ಆಗುತ್ತಾ?

ಸರ್ಕಾರಿ ನೌಕರರಿಗೆ ಓವರ್‌ಟೈಮ್ ಹಣ ಸಿಗದಿದ್ದರೆ, ಮೇಲಧಿಕಾರಿಯೇ ಕೈಯಿಂದ ಕೊಡಬೇಕಾ? ಅಮೆರಿಕದಲ್ಲಿ ಉತ್ತರ ಪ್ರದೇಶದಿಂದ ಪ್ರದೇಶಕ್ಕೆ ಬೇರೆ!

ಅಲ್ಲಿ 1938ರ ಕಾರ್ಮಿಕ ಕಾಯ್ದೆಯಂತೆ, ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಸಂಬಳ. ಮೇನ್ ರಾಜ್ಯದ ಪ್ರೊಬೇಷನ್ ಅಧಿಕಾರಿಗಳು ಈ ಬಾಕಿ ಕೇಳಿ ಕೋರ್ಟಿಗೆ ಹೋದರು. 1999ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು: ರಾಜ್ಯ ಸರ್ಕಾರ ಒಪ್ಪದೆ ನೌಕರರು ಅದರ ಮೇಲೆ ಇಂಥ ದಾವೆ ಹೂಡುವಂತಿಲ್ಲ.

ಹಾಗಾದರೆ ಅಧಿಕಾರಿಯ ಮೇಲೆ? ಮಾಲೀಕರ ಪರವಾಗಿ ನೌಕರರನ್ನು ನಿಭಾಯಿಸುವ ವ್ಯಕ್ತಿಯೂ ಈ ಕಾಯ್ದೆಯಲ್ಲಿ ಮಾಲೀಕನೇ. ನೇಮಕ, ವಜಾ, ಸಂಬಳ, ಕೆಲಸದ ವೇಳೆ ಯಾರ ಕೈಯಲ್ಲಿದೆ ಎಂದು ಕೋರ್ಟ್ ನೋಡುತ್ತದೆ. ಟೆಕ್ಸಾಸ್ ಇರುವ 5ನೇ ಸರ್ಕ್ಯೂಟ್ ಕೋರ್ಟ್ (ಕೆಲವು ರಾಜ್ಯಗಳಿಗೆ ಸೇರಿದ ಮೇಲ್ಮನವಿ ಕೋರ್ಟ್), ಅಧಿಕಾರಿಯೂ ವೈಯಕ್ತಿಕ ಹೊಣೆ ಎನ್ನುತ್ತದೆ. ಅಲಬಾಮಾ ಇರುವ 11ನೇ ಸರ್ಕ್ಯೂಟ್, 1995ರ ಶೆರೀಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ಪ್ರಕರಣದಲ್ಲಿ ಇಲ್ಲ ಎಂದಿತು.

ಒಂದೇ ಕಾಯ್ದೆಗೆ ಎರಡು ನ್ಯಾಯ ಇರಬಾರದು. ದುಡಿಸಿಕೊಂಡವರು ಉತ್ತರ ಕೊಡಲೇಬೇಕು.

ಅಲ್ಲಿ ದುಡಿಯುವ ಕನ್ನಡಿಗರೇ, ನಿಮ್ಮ ಗಂಟೆಗಳ ಲೆಕ್ಕ ನೀವೇ ಬರೆದಿಡಿ. ದಾವೆಗೆ ಇರುವ ಗಡುವು 2 ವರ್ಷ. ಬೇಕೆಂದೇ ಕಾಯ್ದೆ ಮುರಿದಿದ್ದರೆ 3 ವರ್ಷ.