ದಾದಿಯ ಶಿಕ್ಷಣವೂ ರೋಗಿಯ ರಕ್ತವೂ

ಕಗ್ಗದಾಸಪುರದಲ್ಲಿ ಬೆಳಗಾಗುವ ಮೊದಲೇ ಬಸ್ಸಿಗೆ ಕಾಯುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಅವಳು ದಾದಿ. ಅಲ್ಲಿ ಅವಳ ದೊಡ್ಡ ಕೆಲಸವೇನೆಂದು ಒಮ್ಮೆ ಕೇಳಿದೆ. “ಕೈ ತೊಳೆಯುವುದು” ಎಂದಳು. ನಾನು ನಕ್ಕೆ, ನಕ್ಕದ್ದು ತಪ್ಪೆಂದು ಆಮೇಲೆ ತಿಳಿಯಿತು.

ತೀವ್ರ ಅಸ್ವಸ್ಥನಾದ ರೋಗಿಗೆ ಔಷಧ ಕೊಡಲು ಕುತ್ತಿಗೆಯ ಅಥವಾ ಎದೆಯ ದೊಡ್ಡ ರಕ್ತನಾಳದೊಳಕ್ಕೆ ತೆಳುವಾದ ನಳಿಕೆಯೊಂದನ್ನು ಇಳಿಸುತ್ತಾರೆ. ಅದರ ತುದಿ ಹೃದಯದ ಸಮೀಪದವರೆಗೂ ಹೋಗುತ್ತದೆ. ಪ್ರಾಣ ಉಳಿಸುವ ಆ ದಾರಿಯೇ ರೋಗಕ್ರಿಮಿಗಳಿಗೆ ಹೆಬ್ಬಾಗಿಲಾಗಬಹುದು. ಆದುದರಿಂದಲೇ ದಾದಿಯರಿಗೆ ಪಾಠ: ಕೈ ಶುದ್ಧಿಯಿಲ್ಲದೆ ನಳಿಕೆಯನ್ನು ಮುಟ್ಟಬಾರದು, ಔಷಧ ಹಾಕುವ ಮುನ್ನ ಅದರ ಬಾಯನ್ನು ಸ್ಪಿರಿಟ್ಟಿನಿಂದ ಉಜ್ಜಿ ಒಣಗಲು ಬಿಡಬೇಕು, ಪಟ್ಟಿ ಒದ್ದೆಯಾದರೆ ಬದಲಿಸಬೇಕು, ನಳಿಕೆ ಇನ್ನೂ ಅಗತ್ಯವೇ ಎಂದು ದಿನವೂ ವಿಚಾರಿಸಬೇಕು.

ಇಷ್ಟರಿಂದ ಏನಾದೀತು ಎನ್ನುವಿರಾ? ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಘಟಕಗಳು ಇಂತಹ ಐದು ನಿಯಮಗಳನ್ನು ಪಾಲಿಸಿದವು. 2006ರಲ್ಲಿ ಪ್ರಕಟವಾದ ವರದಿಯಂತೆ, ನಳಿಕೆಯಿದ್ದ ಪ್ರತಿ ಸಾವಿರ ದಿನಗಳಿಗೆ 2.7ರಷ್ಟಿದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳೊಳಗೆ ಸೊನ್ನೆಗಿಳಿಯಿತು. ಅಲ್ಲಿ ತುರ್ತು ಸಂದರ್ಭದ ಹೊರತು, ನಿಯಮ ತಪ್ಪಿದ ವೈದ್ಯರನ್ನೂ ತಡೆಯುವ ಅಧಿಕಾರ ದಾದಿಗಿತ್ತು.

ಇದೇ ಕಠಿಣ ಪಾಠ. ದೊಡ್ಡವರಿಗೆ ಎದುರಾಡಬಾರದೆಂದು ಕೇಳುತ್ತಲೇ ಬೆಳೆದ ಮನೆ ನಮ್ಮದು. “ಸಾರ್, ತಾವು ಕೈ ತೊಳೆಯಲಿಲ್ಲ” ಎನ್ನಲು ಅಕ್ಕನಿಗೆ ಎರಡು ವರ್ಷ ಹಿಡಿಯಿತಂತೆ. ಕೈ ತೊಳೆಯುವುದನ್ನು ಒಂದು ದಿನದಲ್ಲಿ ಕಲಿಸಬಹುದು. ಆ ಒಂದು ಮಾತನ್ನೂ ಕಲಿಸಿ, ಆಡಿದವಳ ಬೆನ್ನಿಗೆ ಹಿರಿಯರು ನಿಂತಾಗಲೇ ದಾದಿಯ ಶಿಕ್ಷಣ ಪೂರ್ಣವಾದೀತು.